ರ‍್ಯಾಂಕಿನ ಮಕ್ಕಳನ್ನು ಜೊತೆಗಾರರನ್ನಾಗಿ ಮಾಡಿ ಕೆಟ್ಟೆ

ಬಳ್ಳಾರಿ ಜಿಲ್ಲೆಯ ಕುರುಗೋಡು ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟ್ರು. ಮೆಣಸಿನಕಾಯಿ ಬಿಡಿಸುವ ಕಾಲ ಬಂತೆಂದರೆ ನಮ್ಮ ಹಾಜರಿ ಪುಸ್ತಕದ ತುಂಬಾ ಗೈರು. ತಿಂಗಳು ಬಿಟ್ಟು ಬಂದ ಮಕ್ಕಳು ಸುಮ್ನೆ ಹಿಂದಿನ ಬೆಂಚಿಗೆ ಹೋಗಿ ಕೂರುತ್ತಾರೆ. ಕೆಲವರು ವಾರದೊಳಗೆ ಮತ್ತೆ ಕಾಣೆ. ಅವರನ್ನು ಕಾಡುವುದು ತಪ್ಪಿದ ಪಾಠಕ್ಕಿಂತ ನಾಚಿಕೆಯೇ ಜಾಸ್ತಿ ಅಂತ ತಿಳಿಯಲು ನನಗೆ ವರ್ಷಗಳೇ ಬೇಕಾದವು.

ಇಂಥವರಿಗೆ ಒಬ್ಬೊಬ್ಬ ಜೊತೆಗಾರರನ್ನು ಕೊಡೋಣ ಅಂದುಕೊಂಡೆ. ಚೆನ್ನಾಗಿ ಓದುವವರನ್ನೇ ಆರಿಸಿದೆ. ಯಾರಾದರೂ ಹಾಗೇ ಮಾಡ್ತಾರೆ ಅಲ್ವಾ? ಹದಿನೈದೇ ದಿನಕ್ಕೆ ಅವರು ನನ್ನ ಗೂಢಚಾರರಾದರು. ನಾನೂ ಕಿವಿ ಕೊಟ್ಟೆ. ಅಪ್ಪ ಕುಡಿದು ಬಂದು ಗಲಾಟೆ ಮಾಡ್ತಾನೆ, ರಾತ್ರಿ ನಿದ್ದೆ ಬರಲ್ಲ ಅಂತ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನ ಜೊತೆಗಾತಿಗೆ ಹೇಳಿದ್ದು ನನ್ನವರೆಗೂ ಬಂತು. ನಾನು ದೊಡ್ಡ ಮನುಷ್ಯನ ಹಾಗೆ ಅಪ್ಪನನ್ನು ಕರೆಸಿ ಬುದ್ಧಿ ಹೇಳಿದೆ. ಮರುದಿನದಿಂದ ಆಕೆ ಯಾರ ಹತ್ತಿರವೂ ಮಾತಾಡಲಿಲ್ಲ.

ಮುಂದಿನ ವರ್ಷ, ಹಿಂದೊಮ್ಮೆ ತಾನೇ ಎರಡು ತಿಂಗಳು ಶಾಲೆ ಬಿಟ್ಟು ಬಂದಿದ್ದ ಹುಡುಗನೊಬ್ಬನನ್ನು ಕರೆದೆ. ಅವನ ಮಾರ್ಕ್ಸ್ ಹೇಳಿಕೊಳ್ಳುವಂಥದ್ದಲ್ಲ. ಅವನಿಗೆ ಜೊತೆ ಮಾಡಿದ್ದು ಎಂಟನೇ ಕ್ಲಾಸಿನ ಒಬ್ಬನನ್ನು. ಮಾತು ತೊದಲುತ್ತದೆ, ಅಣಕಿಸುತ್ತಾರೆ ಅಂತ ಆತ ಬಾಯಿಯೇ ಬಿಡುತ್ತಿರಲಿಲ್ಲ. ಮೂರು ವಾರ ಇಬ್ಬರೂ ಬಿಸಿಯೂಟದ ತಟ್ಟೆ ತೊಳೆಯಲು ಒಟ್ಟಿಗೆ ಹೋದರು, ಬಂದರು. ಅಷ್ಟೇ.

"ಏನಾದ್ರೂ ಮಾತಾಡಿದ್ನೇನಪ್ಪಾ?" ಅಂದೆ.

"ಇಲ್ಲ ಸಾರ್. ನಾನೂ ಕೇಳಿಲ್ಲ. ಕೇಳಿದ್ರೆ ಇನ್ನೂ ಜಾಸ್ತಿ ತೊದಲ್ತಾನೆ."

ನನ್ನ ಬಿ.ಎಡ್.ನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಾಲ್ಕನೇ ವಾರ ಆ ಚಿಕ್ಕ ಹುಡುಗ ತಾನಾಗಿ ಎದ್ದು ಬಂದು ಬೋರ್ಡಿನ ಮೇಲೆ ಲೆಕ್ಕ ಬಿಡಿಸಿದ. ವಿವರಿಸು ಅಂತ ನಾನು ಅನ್ನಲಿಲ್ಲ.

ಈಗ ಜೊತೆಗಾರರಿಗೆ ಹೇಳುವುದು ಇಷ್ಟು: ಬುದ್ಧಿ ಹೇಳಬೇಡಿ, ಕೇಳಿದ್ದನ್ನು ನನಗೆ ತಂದು ಒಪ್ಪಿಸಬೇಡಿ. ಆದರೆ ಸಾಯಬೇಕು ಅನ್ನಿಸುತ್ತೆ ಅಂದರೆ, ಯಾರಾದರೂ ಹೊಡೆಯುತ್ತಿದ್ದರೆ, ಮೈ ಮುಟ್ಟಿ ಕಾಡುತ್ತಿದ್ದರೆ, ಮನೆಯಲ್ಲಿ ಮದುವೆ ಮಾತು ಎದ್ದಿದ್ದರೆ, ಅದೇ ದಿನ ನನಗೋ ಮೇಡಂಗೋ ಹೇಳಲೇಬೇಕು. ಇದನ್ನು ಮೊದಲ ದಿನವೇ ಇಬ್ಬರನ್ನೂ ಕೂರಿಸಿ ಹೇಳುತ್ತೇನೆ. ಆಮೇಲೆ ಯಾರಿಗೂ ಮೋಸ ಹೋದೆ ಅನ್ನಿಸಬಾರದು. ಗೋಡೆಯ ಮೇಲೆ ಎರಡು ನಂಬರು ಬರೆಸಿದ್ದೇನೆ. ಮಕ್ಕಳ ಸಹಾಯವಾಣಿ 1098, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ.

ಡಾಕ್ಟರ ಹತ್ತಿರ ಕಳಿಸುವುದೇ ಕಷ್ಟ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರು, ಸಿಬ್ಬಂದಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಊರ ಹತ್ತಿರವೇ ಔಷಧ ಸಿಗುವ ಹಾಗೆ ಮಾಡಿದ್ದರು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ದೇಶಮಟ್ಟದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಅಂಥ ಜಿಲ್ಲೆಯಲ್ಲೇ ಇವತ್ತಿಗೂ "ಹುಚ್ಚರ ಡಾಕ್ಟ್ರು" ಅನ್ನುತ್ತಾರೆ. ನಾನು ಹೇಳಿದರೆ ಬಾರದ ಮಕ್ಕಳು, ಜೊತೆಗಾರ ಬಸ್ಸಿನಲ್ಲಿ ಪಕ್ಕ ಕೂತರೆ ಬರುತ್ತಾರೆ. ಮನೆಯವರನ್ನು ಒಪ್ಪಿಸುವ ಕೆಲಸ ಮಾತ್ರ ನನ್ನದೇ.

ಆ ಹುಡುಗಿ ಈಗ ಪಿಯುಸಿ ಓದುತ್ತಿದ್ದಾಳೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ "ನಮಸ್ತೆ ಸಾರ್" ಅನ್ನುತ್ತಾಳೆ, ನಿಂತು ಮಾತಾಡುವುದಿಲ್ಲ.