ತೊಟ್ಟಿಕ್ಕುವ ನೀರಿಗೆ ಬಂದ ಹಕ್ಕಿಗಳು

ಕಾಳು ಹಾಕದೆ ಹಕ್ಕಿ ಬರುವುದುಂಟೇ ಎಂದವರೇ ಹೆಚ್ಚು. ಈಗ ನನ್ನ ತೋಟದಲ್ಲಿ ಕಾಳಿನ ತಟ್ಟೆಯೇ ಇಲ್ಲ. ಆದರೂ ತಟ್ಟೆ ಇದ್ದಾಗ ಬರುತ್ತಿದ್ದುದರ ಮೂರು ಪಟ್ಟು ಬಗೆಯ ಹಕ್ಕಿಗಳು ಬರುತ್ತಿವೆ. ಕಾರಣ ತೊಟ್ಟಿಕ್ಕುವ ನೀರು. ಅದಕ್ಕೆ ಬಳಸಿದ್ದು ನೀರು ತುಂಬಿ ಮೇಲೆ ಕಟ್ಟಿದ 5 ಲೀಟರಿನ ಒಂದು ಕ್ಯಾನು, ಅದರಿಂದ ಹನಿ ಇಳಿಸಲು ಒಂದು ಸಲೈನ್ ಸೆಟ್ಟು (ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ ನಳಿಕೆ), ಕೆಳಗೆ ಒಂದು ಮಣ್ಣಿನ ತಟ್ಟೆ. ಮೂರೂ ಸೇರಿ ಒಂದು ತಿಂಗಳ ಕಾಳಿನ ಖರ್ಚೂ ಆಗಲಿಲ್ಲ.

ಕಾಳಿನ ಲೆಕ್ಕ ಹೀಗೆ: ಒಂದು ಪಾರಿವಾಳಕ್ಕೆ ದಿನಕ್ಕೆ ಸುಮಾರು 30 ಗ್ರಾಂ ಬೇಕು, ಗುಬ್ಬಚ್ಚಿಗೆ 4–5 ಗ್ರಾಂ ಸಾಕು. 20 ಪಾರಿವಾಳ ಇಳಿದರೆ ದಿನಕ್ಕೆ 600 ಗ್ರಾಂ, ತಿಂಗಳಿಗೆ 18 ಕೆ.ಜಿ. ಗುಬ್ಬಿಗೆಂದು ತಂದದ್ದು ಪಾರಿವಾಳದ ಹೊಟ್ಟೆಗೆ. ಕಾಳಿನ ತಟ್ಟೆಯ ಸುತ್ತ 4 ಸೆಂ.ಮೀ. ಕಂಡಿಯ ಜಾಲರಿ ಕಟ್ಟಿದರೆ ಪಾರಿವಾಳದ ಕಾಟ ನಿಲ್ಲುತ್ತದೆ, ಅದು ನಿಜ. ಆದರೆ ಚೆಲ್ಲಿದ ಕಾಳಿಗೆ ಇಲಿ ಬರುತ್ತದೆ, ನೆನೆದ ಕಾಳಿಗೆ ಬೂಷ್ಟು ಹಿಡಿಯುತ್ತದೆ, ಒಂದೇ ತಟ್ಟೆಯಲ್ಲಿ ಮುಗಿಬಿದ್ದು ತಿನ್ನುವ ಹಕ್ಕಿಗಳಿಗೆ ರೋಗ ಬೇಗ ಹರಡುತ್ತದೆ. ಇಷ್ಟೆಲ್ಲ ಮಾಡಿದರೂ ಬರುವುದು ಗುಬ್ಬಿ, ರಾಟವಾಳ ಅಷ್ಟೇ. ಹುಳು, ಮಕರಂದವನ್ನು ನೆಚ್ಚಿದ ಟುವ್ವಿ, ಸೂರಕ್ಕಿ, ಬೆಳ್ಗಣ್ಣ, ಮಡಿವಾಳ ಹಕ್ಕಿ ಕಾಳಿನತ್ತ ತಿರುಗಿಯೂ ನೋಡುವುದಿಲ್ಲ. ಸ್ನಾನ ಮಾತ್ರ ಎಲ್ಲಕ್ಕೂ ಬೇಕು.

ಬಟ್ಟಲಿನಲ್ಲಿ ನೀರಿಟ್ಟು ‘ಹಕ್ಕಿ ಬರಲಿಲ್ಲ’ ಎನ್ನುವವರು ಬಹಳ. ನಿಂತ ನೀರು ಮೇಲಿಂದ ಹಾರುವ ಹಕ್ಕಿಗೆ ಸುಲಭಕ್ಕೆ ಕಾಣದು. ತೊಟ್ಟಿಕ್ಕುವ ನೀರು ಮಿನುಗುತ್ತದೆ, ಸದ್ದು ಮಾಡುತ್ತದೆ. ಪೊದೆಯೊಳಗಿದ್ದ ಹಕ್ಕಿಯೂ ಹುಡುಕಿಕೊಂಡು ಬರುತ್ತದೆ.

ಸಲೈನ್ ಸೆಟ್ಟಿನಲ್ಲಿ ಸಾಮಾನ್ಯವಾಗಿ 20 ಹನಿಗೆ 1 ಮಿ.ಲೀ. ಸೆಕೆಂಡಿಗೊಂದು ಹನಿ ಬಿಟ್ಟರೆ ಒಂದು ಲೀಟರು ಐದೂವರೆ ಗಂಟೆಗೆ ಮುಗಿಯುತ್ತದೆ. ಎರಡು ಸೆಕೆಂಡಿಗೊಂದಾದರೆ ಹನ್ನೊಂದು ಗಂಟೆ. ನಾನು ಎರಡನೆಯದಕ್ಕೇ ನಿಲ್ಲಿಸಿದ್ದೇನೆ, ರಾತ್ರಿ ಸೆಟ್ಟಿನಲ್ಲಿ ಹನಿ ಹೆಚ್ಚುಕಡಿಮೆ ಮಾಡುವ ಚಕ್ರ ತಿರುಗಿಸಿ ಮುಚ್ಚುತ್ತೇನೆ. ಹೀಗೆ ಒಂದು ಕ್ಯಾನು ನಾಲ್ಕು ದಿನ ದಾಟುತ್ತದೆ. ನಳಿಕೆಯ ತುದಿಯಿಂದ ತಟ್ಟೆಗೆ ಹನಿ ಬೀಳುವ ಎತ್ತರ ಒಂದಡಿ ಇರಲಿ. ಅದಕ್ಕಿಂತ ಕಡಿಮೆಯಾದರೆ ಸದ್ದಿಲ್ಲ, ಹೆಚ್ಚಾದರೆ ಗಾಳಿಗೆ ಹನಿ ತಟ್ಟೆಯ ಹೊರಗೆ ಬೀಳುತ್ತದೆ.

ಕೆಡುವುದು ಎಲ್ಲೆಲ್ಲಿ? ಕ್ಯಾನಿನ ಮುಚ್ಚಳ ಬಿಗಿಯಾಗಿದ್ದರೆ ಒಳಗೆ ಗಾಳಿ ಹೋಗದೆ ಸ್ವಲ್ಪ ಹೊತ್ತಿಗೇ ಹನಿ ನಿಲ್ಲುತ್ತದೆ. ಮುಚ್ಚಳಕ್ಕೆ ಸೂಜಿಯಷ್ಟು ತೂತು ಸಾಕು. ನೀರಿನ ಮಟ್ಟ ಇಳಿದಂತೆ ಒತ್ತಡವೂ ಇಳಿದು ಹನಿ ನಿಧಾನವಾಗುತ್ತದೆ. ಅದಕ್ಕೆ ಕ್ಯಾನನ್ನು ತಟ್ಟೆಗಿಂತ ಒಂದೂವರೆ ಮೀಟರ್ ಮೇಲೆ ಕಟ್ಟಿದರೆ ಆ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಪಾರದರ್ಶಕ ನಳಿಕೆಗೆ ಬಿಸಿಲು ಬಿದ್ದರೆ ಎರಡು ಮೂರು ವಾರದಲ್ಲಿ ಒಳಗೆ ಪಾಚಿ ಕಟ್ಟುತ್ತದೆ. ಉದ್ದಕ್ಕೂ ಕಪ್ಪು ಟೇಪು ಸುತ್ತಿದರೆ ಆ ಕಾಟವಿಲ್ಲ. ಗಡಸು ನೀರಾದರೆ ತುದಿಯಲ್ಲಿ ಸುಣ್ಣ ಕೂರುತ್ತದೆ, ವಿನೆಗರಿನಲ್ಲಿ ಅದ್ದಿಟ್ಟರೆ ಬಿಡುತ್ತದೆ. ಬಳಸಿದ ಸೆಟ್ಟು ತರಬೇಡಿ, ಹೊಸದೇ ಇರಲಿ.

ತಟ್ಟೆಯ ಅಗಲ 40–45 ಸೆಂ.ಮೀ., ಅಂಚಿನಲ್ಲಿ ಆಳ 1 ಸೆಂ.ಮೀ., ನಡುವೆ 4–5. ಅದಕ್ಕಿಂತ ಆಳವಾದರೆ ಸಣ್ಣ ಹಕ್ಕಿ ಇಳಿಯುವುದಿಲ್ಲ, ಮರಿ ಬಿದ್ದರೆ ಮುಳುಗಿ ಸಾಯುತ್ತದೆ. ಪ್ಲಾಸ್ಟಿಕ್ಕು, ಪಿಂಗಾಣಿ ಎರಡೂ ಜಾರುತ್ತವೆ; ಹಕ್ಕಿ ಅಂಚಿನಲ್ಲಿ ಕೂತು ನೀರು ಕುಡಿದು ಹೋಗುತ್ತದೆ, ಒಳಗೆ ಕಾಲಿಡುವುದಿಲ್ಲ. ಲೋಹದ್ದು ಬಿಸಿಲಿಗೆ ಸುಡುತ್ತದೆ. ಸಿಮೆಂಟಿನಲ್ಲಿ ಎರಕ ಹೊಯ್ದದ್ದಾದರೆ ಎರಡು ವಾರ ನೀರು ಬದಲಿಸುತ್ತ ಸುಣ್ಣ ಬಿಡಿಸಿ ಆಮೇಲೆ ಇಡಿ. ಒರಟು ಮಣ್ಣಿನ ತಟ್ಟೆಯೇ ಒಳ್ಳೆಯದು. ನಡುವೆ ಒಂದು ಚಪ್ಪಟೆ ಕಲ್ಲು, ಹನಿ ಅದರ ಮೇಲೆ ಬೀಳಬೇಕು. ಕಲ್ಲನ್ನು ಯಾವ ಕೋನದಲ್ಲಿ ಓರೆ ಮಾಡಿದರೆ ಸದ್ದು ದೂರ ಹೋಗುತ್ತದೆ ಎಂಬುದನ್ನು ನೀವೇ ಹುಡುಕಿಕೊಳ್ಳಿ, ಅಷ್ಟು ನನ್ನಲ್ಲೇ ಇರಲಿ!

ಎರಡು ದಿನಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ ಉಜ್ಜಿ ತೊಳೆದರೆ ಸೊಳ್ಳೆಯ ಮಾತಿಲ್ಲ, ಮೊಟ್ಟೆ ಸೊಳ್ಳೆಯಾಗಲು ವಾರ ಬೇಕು. ತಿಂಗಳಿಗೊಮ್ಮೆ 1 ಪಾಲು ದ್ರವ ಬ್ಲೀಚಿಗೆ 9 ಪಾಲು ನೀರು ಬೆರೆಸಿ ತೊಳೆದು, ಚೆನ್ನಾಗಿ ಜಾಲಿಸಿ, ಬಿಸಿಲಲ್ಲಿ ಒಣಗಿಸಿ.

ಜಾಗ ಆರಿಸುವಾಗ ಬೆಕ್ಕಿನ ಕಣ್ಣಿಂದ ನೋಡಬೇಕು. ಒದ್ದೆಯಾದ ಹಕ್ಕಿಗೆ ಚುರುಕಾಗಿ ಹಾರಲಾಗದು. ತಟ್ಟೆಯ ಸುತ್ತ 2 ಮೀಟರ್ ಬಯಲಿರಲಿ, ಅದರಾಚೆ ಒಂದು ಮುಳ್ಳಿನ ಪೊದೆ, ತಟ್ಟೆಯ ಮೇಲೆ ಹೆಬ್ಬೆರಳು ಗಾತ್ರದ ಒಂದು ಒಣಕೊಂಬೆ. ಆ ಕೊಂಬೆ ಇಲ್ಲದಿದ್ದರೆ ಪಿಕಳಾರ (ಬುಲ್‌ಬುಲ್) ಸುತ್ತು ಹೊಡೆದು ವಾಪಸಾಗುತ್ತದೆ. ಇದ್ದರೆ ಕೊಂಬೆಗೆ ಬಂದು, ಅತ್ತಿತ್ತ ನೋಡಿ, ಕಲ್ಲಿಗಿಳಿದು, ಎದೆ ಅದ್ದಿ ಎರಡು ಸಲ ನೀರು ಚಿಮ್ಮಿಸಿ, ಮತ್ತೆ ಕೊಂಬೆಗೇರಿ ರೆಕ್ಕೆ ಕೊಡವುತ್ತದೆ. ಫೋಟೋ ತೆಗೆಯುವವರಿಗೂ ಆ ಕೊಂಬೆಯೇ ಆಸರೆ.

ಕಿಟಕಿಯ ಒಳಗಿನಿಂದ ನೋಡುವುದಕ್ಕೆ 8×32 ದುರ್ಬೀನು (8 ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಮಸೂರ 32 ಮಿ.ಮೀ. ಅಗಲದ್ದು) ಸಾಕು. ಕೊಳ್ಳುವಾಗ ಎಷ್ಟು ಹತ್ತಿರದ್ದು ಸ್ಪಷ್ಟವಾಗಿ ಕಾಣುತ್ತದೆಂದು ನೋಡಿ. 5 ಮೀಟರಿಗಿಂತ ಹತ್ತಿರ ಫೋಕಸ್ ಆಗದ ದುಬಾರಿ ದುರ್ಬೀನು ಕೈತೋಟಕ್ಕೆ ದಂಡ. ಬೆಳಗಿನ ಬಿಸಿಲು ನಿಮ್ಮ ಬೆನ್ನಿಗಿರಲಿ, ಕೋಣೆಯ ದೀಪ ಆರಿರಲಿ. ಕಿಟಕಿಯ ಗಾಜಿನಲ್ಲಿ ಮರ ಪ್ರತಿಫಲಿಸಿದರೆ ಹಕ್ಕಿ ಡಿಕ್ಕಿ ಹೊಡೆಯುತ್ತದೆ. ಗಿಡುಗನ ಒಂದು ಸ್ಟಿಕರ್ ಅಂಟಿಸಿದರೆ ಏನೂ ಆಗದು; ಗಾಜಿನ ಹೊರಮೈಗೆ 5 ಸೆಂ.ಮೀ.ಗೊಂದರಂತೆ ಚುಕ್ಕೆ ಬೇಕು.

ಪಕ್ಕದಲ್ಲೇ ಗುಬ್ಬಿಗಳಿಗೆ ದೂಳುಸ್ನಾನದ ಗುಂಡಿ ಮಾಡಿದ್ದೆ: ಒಂದೂವರೆ ಅಡಿ ಅಗಲ, 5 ಸೆಂ.ಮೀ. ಆಳ, ಸಣ್ಣ ಮರಳು ಮತ್ತು ಒಣಮಣ್ಣು ಸಮಸಮ. ಮಳೆ ಬರುವವರೆಗೆ ಚೆನ್ನಾಗಿತ್ತು, ಆಮೇಲೆ ಬರೀ ಕೆಸರು. ಸೂರಿನಡಿ ಇದ್ದರಷ್ಟೇ ಉಳಿಯುತ್ತದೆ. ಸೂರಕ್ಕಿಗೆಂದು ಇಟ್ಟ ಸಕ್ಕರೆ ನೀರು ದಂಡ: ಇರುವೆ ಮುತ್ತುತ್ತದೆ, ಸೆಕೆಗೆ ಒಂದೇ ದಿನದಲ್ಲಿ ಹುಳಿಯುತ್ತದೆ. ಅದರ ಬದಲು ಗಸಗಸೆ ಹಣ್ಣಿನ ಮರ ಹಾಕಿ, ಎರಡು ವರ್ಷಕ್ಕೇ ಹಣ್ಣು ಬಿಡುತ್ತದೆ, ಹಣ್ಣು ತಿನ್ನುವ ಪುಟ್ಟ ಬದನಿಕೆ ಹಕ್ಕಿ ತಾನಾಗಿ ಬರುತ್ತದೆ.

ಸೂರಕ್ಕಿ, ಟುವ್ವಿ ತಟ್ಟೆಗೆ ಇಳಿಯುವುದು ಕಡಿಮೆ. ಒದ್ದೆ ಎಲೆಗೆ ಮೈಯುಜ್ಜಿ ಮೀಯುವ ಜಾತಿ ಅವು. ಅವಕ್ಕಾಗಿ ದಾಸವಾಳದ ಮೇಲೆ ಮಂಜು ಉಗುಳುವ ನಾಝಲ್ ಒಂದನ್ನು ಕಟ್ಟಿ ಬೆಳಗ್ಗೆ ಹತ್ತು ನಿಮಿಷ ಬಿಡುತ್ತೇನೆ. ಕ್ಯಾನಿನ ಒತ್ತಡ ಅದಕ್ಕೆ ಸಾಲದು, ನಲ್ಲಿಗೇ ಜೋಡಿಸಬೇಕು, ನಡುವೆ ಸಣ್ಣ ಫಿಲ್ಟರ್ ಇಲ್ಲದಿದ್ದರೆ ವಾರದೊಳಗೆ ಕಟ್ಟಿಕೊಳ್ಳುತ್ತದೆ.