ಬೆಳ್ಳಿಹಬ್ಬದ ನಾಣ್ಯ ಬೆಳ್ಳಿಯದೇ? ನೀರಲ್ಲಿ ತೂಗಿ ನೋಡುವ ಬಗೆ

ಎರಡನೇ ಎಲಿಜಬೆತ್ ಪಟ್ಟಕ್ಕೆ ಬಂದು 25 ವರ್ಷ ತುಂಬಿದ್ದಕ್ಕೆ 1977ರಲ್ಲಿ ಬ್ರಿಟನ್ ಜೊತೆಗೆ ರಾಣಿಯ ಅಧೀನದಲ್ಲಿದ್ದ ಪುಟ್ಟ ದ್ವೀಪಗಳೂ 25 ಪೆನ್ಸಿನ ದೊಡ್ಡ ನಾಣ್ಯ ಹೊರಡಿಸಿದವು. ಜರ್ಸಿಯದರಲ್ಲಿ ಮೊಂಟ್ ಒರ್ಗೈ ಕೋಟೆ, ಗರ್ನ್‌ಸಿಯದರಲ್ಲಿ ಕಾಸಲ್ ಕಾರ್ನೆಟ್ ಕೋಟೆ, ಸೇಂಟ್ ಹೆಲೆನಾದ್ದರಲ್ಲಿ ದೈತ್ಯ ಆಮೆ. ಸೇಂಟ್ ಹೆಲೆನಾದಲ್ಲಿ ಆಗ ಇದ್ದದ್ದು ಐದು ಸಾವಿರ ಚಿಲ್ಲರೆ ಜನ. ಅಲ್ಲಿನ ಅಂಗಡಿಯಲ್ಲಿ ಚಲಾವಣೆಯಾಗಲೆಂದು ಇದನ್ನು ಟಂಕಿಸಿದ್ದಲ್ಲ. ಹೊರಗಿನ ಸಂಗ್ರಾಹಕರು ಕೊಂಡು ಪೆಟ್ಟಿಗೆಯಲ್ಲಿಟ್ಟರೆ ನಾಣ್ಯ ಖಜಾನೆಗೆ ಮರಳುವುದಿಲ್ಲ, ಬಂದ ದುಡ್ಡು ಅಲ್ಲೇ ಉಳಿಯುತ್ತದೆ.

ನಮ್ಮಲ್ಲಿ ಎಡವಟ್ಟಾಗುವುದು ಹೆಸರಿನಿಂದ. ‘ಬೆಳ್ಳಿಹಬ್ಬದ ನಾಣ್ಯ’ ಎಂದರೆ ಬೆಳ್ಳಿ ನಾಣ್ಯವೆಂದು ಮಾರುವವರೂ ಇದ್ದಾರೆ, ಕೊಳ್ಳುವವರೂ ಇದ್ದಾರೆ. ಸಾಮಾನ್ಯವಾಗಿ ಸಿಗುವುದು 75 ಪಾಲು ತಾಮ್ರ, 25 ಪಾಲು ನಿಕಲ್‌ನದು. ನಮ್ಮ ಎಪ್ಪತ್ತರ ದಶಕದ ದೊಡ್ಡ ಒಂದು ರೂಪಾಯಿಯ ಲೋಹವೇ. 925 ಬೆಳ್ಳಿಯದು (ಸಾವಿರಕ್ಕೆ 925 ಪಾಲು ಬೆಳ್ಳಿ) ಪ್ರೂಫ್ ರೂಪದಲ್ಲಿ, ಅಂದರೆ ಸಂಗ್ರಾಹಕರಿಗೆಂದೇ ಕನ್ನಡಿಯಂತೆ ಹೊಳೆಯುವ ಹಾಗೆ ಟಂಕಿಸಿದ್ದಾಗಿ, ಬೇರೆಯೇ ಬಂತು. ಎರಡರ ತೂಕವೂ 28.28 ಗ್ರಾಂ, ವ್ಯಾಸವೂ 38.61 ಮಿ.ಮೀ. ಹಾಗಾಗಿ ಬರೀ ತಕ್ಕಡಿಯಿಂದ ಏನೂ ತಿಳಿಯದು. ಅಯಸ್ಕಾಂತವೂ ದಂಡ, ಎರಡಕ್ಕೂ ಅಂಟುವುದಿಲ್ಲ. ಒರೆಗಲ್ಲಿಗೆ ಉಜ್ಜಿದರೆ ಲೋಹ ಗೊತ್ತಾಗುತ್ತದೆ, ನಾಣ್ಯ ಹಾಳಾಗುತ್ತದೆ.

ನಾನು ನಂಬುವುದು ನೀರನ್ನು. 200 ಗ್ರಾಂ ತೂಗುವ, 0.01 ಗ್ರಾಂವರೆಗೆ ತೋರಿಸುವ ಜೇಬು ತಕ್ಕಡಿ ಸಾಕು. ಅದರ ಮೇಲೆ ಹಗುರವಾದ, ಬಾಯಿ ಅಗಲವಿರುವ ಪ್ಲಾಸ್ಟಿಕ್ ಲೋಟದಲ್ಲಿ 100 ಮಿ.ಲೀ. ಡಿಸ್ಟಿಲ್ಡ್ ವಾಟರ್ ಇಟ್ಟು ಸೊನ್ನೆಗೆ ತರುತ್ತೇನೆ. ತೆಳ್ಳನೆಯ ನೈಲಾನ್ ದಾರವನ್ನು ಅಂಚಿನ ಸುತ್ತ ಕಟ್ಟಿ, ಪಕ್ಕದ ಸ್ಟ್ಯಾಂಡಿನಿಂದ ನಾಣ್ಯ ಪೂರ್ತಿ ಮುಳುಗುವಂತೆ ಇಳಿಬಿಡುತ್ತೇನೆ. ಈಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಸುಮಾರು 3.16 ಬಂದರೆ ತಾಮ್ರ-ನಿಕಲ್, 2.73 ಬಂದರೆ ಬೆಳ್ಳಿ. 28.28ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಸಾಂದ್ರತೆ: ಮೊದಲನೆಯದಕ್ಕೆ 8.9ರ ಆಸುಪಾಸು, ಎರಡನೆಯದಕ್ಕೆ 10.36. ಬೆಳ್ಳಿಯ ಮುಲಾಮು ಹಾಕಿದ್ದರೂ ಇಲ್ಲಿ ಸಿಕ್ಕಿಬೀಳುತ್ತದೆ. ಮುಲಾಮಿನ ಪದರ ಸಾಂದ್ರತೆಯನ್ನು ಬದಲಿಸುವಷ್ಟು ದಪ್ಪವಿರುವುದಿಲ್ಲ.

ಲೆಕ್ಕ ತಪ್ಪಿಸುವುದು ಗಾಳಿಗುಳ್ಳೆ. ಕೋಟೆಯ ಗೋಡೆ, ಅಕ್ಷರಗಳ ಸಂದಿಯಲ್ಲಿ ಕೂತ ಗುಳ್ಳೆಗಳೂ ನೀರನ್ನು ಸರಿಸುವುದರಿಂದ ಅಂಕಿ ಏರುತ್ತದೆ, ಅಸಲಿ ಬೆಳ್ಳಿಯೂ ಕಡಿಮೆ ದರ್ಜೆಯದೆಂದು ಕಾಣುತ್ತದೆ. ನೀರಿಗೆ ಪಾತ್ರೆ ತೊಳೆಯುವ ದ್ರವ ಒಂದೇ ಹನಿ ಬೆರೆಸಿ, ನಾಣ್ಯವನ್ನು ಅಡ್ಡಡ್ಡ ಅಲ್ಲ, ನೆಟ್ಟಗೆ ನಿಲ್ಲುವಂತೆ ಇಳಿಸಿದರೆ ಗುಳ್ಳೆ ನಿಲ್ಲುವುದಿಲ್ಲ. ತಳಕ್ಕೋ ಗೋಡೆಗೋ ತಗುಲಿದರೆ ಅಂಕಿ ಒಮ್ಮೆಲೇ ಜಿಗಿಯುತ್ತದೆ. ಮೂರು ಸಲ ತೂಗಿ, ಮೂರೂ 0.03 ಗ್ರಾಂ ಒಳಗೆ ಹೊಂದಿದರೆ ಮಾತ್ರ ಬರೆದುಕೊಳ್ಳುತ್ತೇನೆ. ಆಮೇಲೆ ಶುದ್ಧ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು ಹತ್ತಿಬಟ್ಟೆಯಿಂದ ಒತ್ತಿ ತೆಗೆಯಬೇಕು, ಉಜ್ಜಬಾರದು. ಕ್ಯಾಪ್ಸೂಲಿನಲ್ಲಿ (ನಾಣ್ಯದ ಅಳತೆಯ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ) ಮುಚ್ಚಿಯೇ ಇರುವ ಪ್ರೂಫ್ ನಾಣ್ಯಕ್ಕೆ ಈ ಪರೀಕ್ಷೆ ಬೇಡ. ಕನ್ನಡಿಯಂಥ ಮೈಗೆ ನೀರಿನ ಕಲೆಯೂ ಕುಂದೇ.

ಪೆಂಡೆಂಟ್ ಮಾಡಿ ಬಿಚ್ಚಿದ ನಾಣ್ಯಗಳೂ ಬರುತ್ತವೆ. ರಾಣಿಯ ತಲೆಯ ನೇರಕ್ಕೆ ಅಂಚಿನ ಗೆರೆಗಳನ್ನು ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಲ್ಲಿ (ಪುಟ್ಟ ಭೂತಗನ್ನಡಿ) ನೋಡಿ: ಬೆಸುಗೆ ಹಾಕಿದ್ದರೆ ಅಷ್ಟು ಜಾಗದಲ್ಲಿ ಗೆರೆ ಮಾಸಿರುತ್ತದೆ.

ಹಳೇ ಪಿವಿಸಿ ಪ್ಲಾಸ್ಟಿಕ್ಕಿನ ಆಲ್ಬಂ ಹಾಳೆಯಲ್ಲಿದ್ದವಕ್ಕೆ ಅಂಟಂಟಾದ ಹಸಿರು ಹಿಡಿದಿರುತ್ತದೆ. ಶುದ್ಧ ಅಸಿಟೋನಿನಲ್ಲಿ ಗಾಜಿನ ಬಟ್ಟಲಲ್ಲಿ ಹತ್ತು ನಿಮಿಷ ನೆನೆಸಿದರೆ ಬಹುತೇಕ ಬಿಡುತ್ತದೆ. ಕಿಟಕಿ ತೆರೆದಿರಲಿ, ಒಲೆ ಹತ್ತಿರ ಬೇಡ. ನೈಲ್ ಪಾಲಿಶ್ ರಿಮೂವರ್ ಬಳಸಬೇಡಿ, ಅದರ ಎಣ್ಣೆ-ಸುಗಂಧ ನಾಣ್ಯದ ಮೇಲೆಯೇ ಉಳಿಯುತ್ತದೆ. ಹುಣಸೆಹಣ್ಣಿನ ಮಾತಂತೂ ಎತ್ತಲೇಬೇಡಿ.

ಇಡಲು 39 ಮಿ.ಮೀ. ಕ್ಯಾಪ್ಸೂಲ್ ಸರಿಹೊಂದುತ್ತದೆ. ಕರಾವಳಿಯ ಮಳೆಗಾಲಕ್ಕೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣವೂ ಇರಲಿ. ರಬ್ಬರ್ ಬ್ಯಾಂಡಿನ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ, ನುಸಿಗುಳಿಗೆಯ ಆವಿ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ರಟ್ಟಿನ ಹೋಲ್ಡರ್ ಬಳಸುವುದಾದರೆ ದ್ವೀಪ, ವರ್ಷ, ನೀರಿನಲ್ಲಿ ಬಂದ ಅಂಕಿ ಇವನ್ನು ನಾಣ್ಯ ಇಡುವ ಮುಂಚೆಯೇ ಬರೆಯಿರಿ. ಪಿನ್ ಹೊಡೆದ ಮೇಲೆ ಅದರ ಚೂಪನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ಹೋಲ್ಡರಿನ ನಾಣ್ಯಕ್ಕೆ ಗೀರು ಬೀಳುತ್ತದೆ.