ಆರ್ಗನ್ 2: ಒಂದು ಹಾಡನ್ನು ಬಿಚ್ಚಿ ಜೋಡಿಸಿದ ಕತೆ

ರಿಸೆಪ್ಷನ್‌ಗಳಲ್ಲಿ ಡಿಜೆ ಮಾಡುವವನಿಗೆ ಊಟ ಶುರುವಾಗುವ ಹೊತ್ತು ಬಲು ಕೆಟ್ಟದ್ದು. ಜನ ಹೋಗೋದು ಹಸಿವಿಗೋ ನಮ್ಮ ಹಾಡಿಗೋ ಗೊತ್ತಾಗುವುದಿಲ್ಲ. ಅವತ್ತು ಮಾತ್ರ ನನಗೆ ಸರಿಯಾಗಿಯೇ ಗೊತ್ತಾಯಿತು. ನಾನೇ ಮೂರು ತಿಂಗಳು ಕೂತು ಮಾಡಿದ ಹೌಸ್ ಟ್ರ್ಯಾಕ್ (ಒಂದೇ ಸಮ ಬೀಟಿನ ಎಲೆಕ್ಟ್ರಾನಿಕ್ ಕುಣಿತದ ಹಾಡು) ಒಂದನ್ನು ಮೊದಲ ಸಲ ಹಾಕಿದ್ದೆ. ಎರಡನೇ ನಿಮಿಷಕ್ಕೆ ಎದುರಿಗೆ ಒಬ್ಬ ಹುಡುಗ ಮಾತ್ರ ಉಳಿದಿದ್ದ. ಅವನೂ ಕಳೆದುಹೋದ ಚಪ್ಪಲಿ ಹುಡುಕುತ್ತಿದ್ದ.

ಗಾಬರಿಗೆ ಪೆನ್‌ಡ್ರೈವ್‌ನಲ್ಲಿ ಕೈಗೆ ಸಿಕ್ಕ ಹಳೇ ಹಾಡು ಹಾಕಿದೆ. ಅಮೆರಿಕದ ಗಾಯಕಿ ರಾಬಿನ್ ಎಸ್ ಹಾಡಿರುವ 'ಶೋ ಮಿ ಲವ್'. ಆ ಆರ್ಗನ್ ಬೇಸ್ ಶುರುವಾಗಿದ್ದೇ ತಡ, ಕೈ ತೊಳೆದುಕೊಂಡು ಬರುತ್ತಿದ್ದ ಮದುಮಗನ ಚಿಕ್ಕಪ್ಪ ಅಲ್ಲೇ ನಿಂತು ಭುಜ ಕುಣಿಸತೊಡಗಿದರು. ಪಂಚೆ, ಹೆಗಲ ಮೇಲೆ ಟವೆಲ್. ಆ ಹಾಡನ್ನು ಅವರು ಅದಕ್ಕೆ ಮುಂಚೆ ಕೇಳಿರುವ ಸಾಧ್ಯತೆ ಕಮ್ಮಿ. ಆದರೂ ಭುಜ ನಿಲ್ಲಲಿಲ್ಲ.

ಮನೆಗೆ ಬಂದು ನಿದ್ದೆ ಬರಲಿಲ್ಲ. ಈ ಹಾಡಿನಲ್ಲಿ ಏನಿದೆ, ನನ್ನದರಲ್ಲಿ ಏನಿಲ್ಲ? ಇದನ್ನು ಬಿಚ್ಚಿ ನೋಡಲೇಬೇಕು ಅಂತ ಹಟ ಹಿಡಿಯಿತು.

ಆ ಹಾಡು ಗೆದ್ದಿದ್ದೇ ಒಂದು ವಿಚಿತ್ರ. ಬರೆದವರು ಅಲೆನ್ ಜಾರ್ಜ್ ಮತ್ತು ಫ್ರೆಡ್ ಮ್ಯಾಕ್‌ಫಾರ್ಲೇನ್. ಲಂಡನ್‌ನ ಚಾಂಪಿಯನ್ ರೆಕಾರ್ಡ್ಸ್ 1990ರಲ್ಲೇ ಅದನ್ನು ಹೊರತಂದಿತ್ತು. ಹೆಚ್ಚು ಜನ ಕಿವಿಗೊಡಲಿಲ್ಲ. ರೆಕಾರ್ಡಿಂಗ್ ದಿನ ತನಗೆ ಫ್ಲೂ ಬಂದಿತ್ತು ಅಂತ ರಾಬಿನ್ ಅವರೇ ಹೇಳಿಕೊಂಡಿದ್ದಾರೆ. ಆಮೇಲೆ ಸ್ಟಾಕ್‌ಹೋಮ್‌ನ ಸ್ಟೋನ್‌ಬ್ರಿಡ್ಜ್ ಎಂಬ ಡಿಜೆ ಅದನ್ನು ರೀಮಿಕ್ಸ್ ಮಾಡಿದರು. ಅವರ ಮೊದಲ ಪ್ರಯತ್ನವೂ ಕಂಪನಿಗೆ ಹಿಡಿಸಲಿಲ್ಲ. ಆಗ ಅವರು ಕಿಕ್ (ಡ್ರಮ್ಮಿನ ತಗ್ಗು ಪೆಟ್ಟು) ಮತ್ತು ಗಾಯಕಿಯ ದನಿ ಇವೆರಡನ್ನು ಬಿಟ್ಟು ಉಳಿದಿದ್ದೆಲ್ಲ ತೆಗೆದುಹಾಕಿ, ಕೊರ್ಗ್ ಎಂ1 ಕೀಬೋರ್ಡಿನಲ್ಲಿ ರೆಡಿಮೇಡ್ ಆಗಿ ಬರುವ 'ಆರ್ಗನ್ 2' ಎಂಬ ಪ್ರೀಸೆಟ್ ಹಾಕಿ ಹೊಸದಾಗಿ ಬೇಸ್ ನುಡಿಸಿದರು. 1993ರಲ್ಲಿ ಅದು ಬ್ರಿಟನ್‌ನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 6ನೇ ಸ್ಥಾನಕ್ಕೆ, ಅಮೆರಿಕದ ಬಿಲ್‌ಬೋರ್ಡ್ ಹಾಟ್ 100ರಲ್ಲಿ 5ನೇ ಸ್ಥಾನಕ್ಕೆ ಏರಿತು. ಮೂರು ವರ್ಷ ಮೂಲೆಯಲ್ಲಿ ಬಿದ್ದಿದ್ದ ಹಾಡು!

ಇದನ್ನು ಓದಿದ ಮೇಲೆ ನನ್ನ ಟ್ರ್ಯಾಕ್ ತೆರೆದು ಎಣಿಸಿದೆ. ಒಂದೊಂದು ಸದ್ದಿಗೆ ಪರದೆ ಮೇಲೆ ಒಂದೊಂದು ಸಾಲು, ಒಟ್ಟು 46 ಸಾಲು. ಅದರಲ್ಲಿ ಬೇಸ್‌ಗೇ ಐದು. ಒಂದರ ಮೇಲೊಂದು ಹೊದಿಸಿಟ್ಟಿದ್ದೆ, ಚಳಿಗೆ ಕಂಬಳಿ ಹೊದಿಸಿದ ಹಾಗೆ.

ಕೆಲಸ ಶುರು ಮಾಡಿದ್ದು ಖಾಲಿ ಪರದೆಯಿಂದ. ಟೆಂಪೋ, ಅಂದರೆ ವೇಗ, ನಿಮಿಷಕ್ಕೆ ಸುಮಾರು 120 ಎಣಿಕೆ. ಅಂದರೆ ಒಂದು ಸೆಕೆಂಡಿಗೆ ಎರಡು ಕಿಕ್. ಹೌಸ್‌ನಲ್ಲಿ ಕಿಕ್ ಪ್ರತಿ ಎಣಿಕೆಗೂ ಬೀಳುತ್ತದೆ, ತಪ್ಪಿಸುವುದಿಲ್ಲ. ಎರಡು, ನಾಲ್ಕರ ಮೇಲೆ ಕ್ಲ್ಯಾಪ್. ಎರಡು ಕಿಕ್‌ಗಳ ಸರಿಯಾಗಿ ನಡುವೆ ತೆರೆದ ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಟ್ಟೆಯ ಸದ್ದು), 'ಚ್ಸ್' ಅಂತ. ಇಷ್ಟನ್ನು ಯಾರು ಬೇಕಾದರೂ ಹತ್ತು ನಿಮಿಷದಲ್ಲಿ ಹಾಕಬಹುದು. ಇದರ ಬಗ್ಗೆ ಜಾಸ್ತಿ ಹೇಳಲ್ಲ.

ಬೇಸ್‌ಗೇ ಎಂಟು ದಿನ ಹೋಯಿತು.

ನಿಜವಾದ ಎಂ1 ನನ್ನ ಹತ್ತಿರ ಇಲ್ಲ. ಅದು 1988ರಲ್ಲಿ ಬಂದ ಜಪಾನಿನ ಕೀಬೋರ್ಡ್. ಕೊರ್ಗ್ ಕಂಪನಿಯವರೇ ಅದನ್ನು ಸಾಫ್ಟ್‌ವೇರ್ ಆಗಿಯೂ ಮಾರುತ್ತಾರೆ. ಅದನ್ನೇ ತಗೊಂಡೆ. ಒಂದು ತಮಾಷೆ ನೋಡಿ. ಆ ಪೆಟ್ಟಿಗೆಯ ಸ್ವರಗಳೆಲ್ಲ ಕೂತಿದ್ದು ಬರೀ 4 ಎಂಬಿ ಜಾಗದಲ್ಲಿ. ನಮ್ಮ ಫ್ಯಾಮಿಲಿ ಗ್ರೂಪಿಗೆ ಬೆಳಿಗ್ಗೆ ಬರುವ ಶುಭೋದಯದ ವಿಡಿಯೊ ಇದಕ್ಕಿಂತ ದೊಡ್ಡದಿರುತ್ತದೆ.

ಆರ್ಗನ್ 2 ತೆರೆದು ಒಂದು ಕೀ ಒತ್ತಿದೆ. ಚರ್ಚಿನ ಆರ್ಗನ್ನಿನ ಥರ ಇಲ್ಲವೇ ಇಲ್ಲ. ಮೊದಲು 'ಟಕ್' ಅಂತ ಒಂದು ಚಿಕ್ಕ ಪೆಟ್ಟು, ಅದರ ಹಿಂದೆಯೇ ಟೊಳ್ಳು ಮರ ಬಡಿದಂಥ ಸ್ವರ. ಆ 'ಟಕ್'ನಲ್ಲೇ ಗುಟ್ಟಿದೆ. ಬೇಸ್ ಅಂದರೆ ನಾವು ಬರೀ ತಗ್ಗು ಗುಡುಗು ಅಂದುಕೊಳ್ಳುತ್ತೇವೆ. ಅಂಥ ಬೇಸ್ ದೊಡ್ಡ ಸಬ್‌ವೂಫರ್ ಇದ್ದರೆ ಮಾತ್ರ ಕೇಳುತ್ತದೆ. ಈ ಆರ್ಗನ್ನಿನಲ್ಲಿ ಮೇಲಿನ ಸ್ವರಾಂಶಗಳೂ ಸೇರಿಕೊಂಡಿವೆ. ಹಾಗಾಗಿ ಮೊಬೈಲಿನ ಪುಟಾಣಿ ಸ್ಪೀಕರಿನಲ್ಲೂ ಬೇಸ್ ಎಲ್ಲಿ ಹೋಗುತ್ತಿದೆ ಅಂತ ಕಿವಿಗೆ ಸಿಗುತ್ತದೆ. ಬೇಸೂ ಅದೇ, ರಾಗವೂ ಅದೇ, ಅರ್ಧ ತಾಳವಾದ್ಯವೂ ಅದೇ.

ಸ್ವರಗಳನ್ನು ಕಿವಿಯಿಂದ ಹಿಡಿದೆ. ಕಷ್ಟವಾಗಲಿಲ್ಲ. ಆದರೆ ನುಡಿಸಿದರೆ ಆ ಕುಣಿತ ಬರಲಿಲ್ಲ. ಸ್ವರ ಸರಿ, ಜಾಗ ಸರಿ, ಆದರೂ ಸತ್ತ ಹಾವಿನ ಹಾಗೆ ಬಿದ್ದಿತ್ತು. ಮೂರು ದಿನ ಇಕ್ವಲೈಜರ್ ತಿರುಗಿಸಿದೆ, ಕಂಪ್ರೆಸರ್ ಹಾಕಿದೆ, ತೆಗೆದೆ. ಕೊನೆಗೆ ಸುಮ್ನೆ ಬೇಸರಕ್ಕೆ ಪ್ರತಿ ಸ್ವರದ ಉದ್ದವನ್ನು ಅರ್ಧಕ್ಕೆ ಕತ್ತರಿಸಿದೆ. ತಟ್ಟನೆ ಎದ್ದು ಕೂತಿತು! ತಪ್ಪಿದ್ದು ಸ್ವರದಲ್ಲಲ್ಲ, ಸ್ವರಗಳ ನಡುವಿನ ಖಾಲಿಯಲ್ಲಿ. ನಾನು ಕೀಯನ್ನು ಒತ್ತಿ ಹಿಡಿಯುತ್ತಿದ್ದೆ. ಅದನ್ನು ಬಿಸಿ ಕಾವಲಿ ಮುಟ್ಟಿದ ಹಾಗೆ ಮುಟ್ಟಿ ಬಿಡಬೇಕು.

ಇನ್ನೊಂದು ವಿಷಯ ಹೇಳಿಕೊಟ್ಟಿದ್ದು ನಮ್ಮ ಅತ್ತಿಗೆ. ಅವರು ಚಿಕ್ಕಂದಿನಲ್ಲಿ ಸಂಗೀತ ಕಲಿತವರು. ಹುರುಳಿಕಾಯಿ ಮುರಿಯುತ್ತ ನನ್ನ ಕೋಣೆ ಬಾಗಿಲಲ್ಲಿ ಕೂತಿದ್ದರು. ಒಂದು ಕೈ ತೊಡೆ ಮೇಲೆ ಆದಿತಾಳ ಹಾಕುತ್ತಿತ್ತು.

'ಇದು ತಾಳದ ಮೇಲೆ ಬೀಳ್ತಾನೇ ಇಲ್ವಲ್ಲೋ. ಮೊದಲನೇದು ಸರಿಯಾಗಿ ಬೀಳುತ್ತೆ, ಆಮೇಲೆ ಎಲ್ಲ ಸಂದಿಲಿ ಬೀಳುತ್ತೆ.'

'ಅದಕ್ಕೇ ಕುಣೀಬೇಕು ಅನ್ಸೋದು ಅತ್ತಿಗೆ.'

'ಹಾಗಾದ್ರೆ ಡೋಲು ಮಾತ್ರ ನೆಟ್ಟಗಿರ್ಲಿ. ಎರಡೂ ಓಡಾಡಿದ್ರೆ ಹಿಡಿಯೋರು ಯಾರು?'

ಡೋಲು ಅಂದಿದ್ದು ಕಿಕ್‌ಗೆ. ನನ್ನ ಹಳೇ ಟ್ರ್ಯಾಕಿನಲ್ಲಿ ಕಿಕ್‌ಗೂ ಚಮತ್ಕಾರ ತುಂಬಿದ್ದೆ, ಅಲ್ಲೊಂದು ಇಲ್ಲೊಂದು ತಪ್ಪಿಸಿ. ಮದುವೆ ಮನೆಯಲ್ಲಿ ಕಾಲಿಗೆ ನೆಲ ಸಿಗದೆ ಜನ ಊಟಕ್ಕೆ ಹೋಗಿದ್ದರು. ಅಂದಹಾಗೆ ಎಂ1ನ ಫಿಲ್ಟರ್‌ನಲ್ಲಿ (ಸ್ವರದ ಹೊಳಪನ್ನು ಸೋಸುವ ಭಾಗ) ರೆಸೊನೆನ್ಸ್, ಅಂದರೆ ಸೋಸುವ ಜಾಗದಲ್ಲೇ ಸ್ವರವನ್ನು ಎತ್ತಿ ಕೇಳಿಸುವ ಗುಣ, ಇಲ್ಲ. 'ವಾವ್ ವಾವ್' ಅಂತ ಎಳೆದಾಡುವ ಆಟ ಅದರಲ್ಲಿ ಸರಿಯಾಗಿ ಬರುವುದಿಲ್ಲ. ಆ ಕಾಲದವರಿಗೆ ಅದು ಕೊರತೆ ಅನ್ನಿಸಿರಬಹುದು. ನನ್ನಂಥವನಿಗೆ ಒಳ್ಳೇದೇ ಆಯಿತು. ತಿರುಗಿಸಲು ಗುಂಡಿ ಇದ್ದರೆ ನಾನು ತಿರುಗಿಸದೆ ಬಿಡುವವನಲ್ಲ.

ಎಂಟನೇ ದಿನ ನನ್ನ ನಕಲನ್ನೂ ಅಸಲನ್ನೂ ಒಂದರ ಪಕ್ಕ ಒಂದು ಹಾಕಿ ಕೇಳಿದೆ. ನೂರಕ್ಕೆ ತೊಂಬತ್ತು ಭಾಗ ಬಂದಿತ್ತು. ಆದರೆ ಅದನ್ನು ಎಲ್ಲೂ ಹಾಕಲಿಲ್ಲ, ಹಾಕುವ ಹಾಗೂ ಇಲ್ಲ. ಅದು ಇನ್ನೊಬ್ಬರ ಸ್ವತ್ತು. 2022ರಲ್ಲಿ ಅಮೆರಿಕದ ಗಾಯಕಿ ಬಿಯಾನ್ಸೆ 'ಬ್ರೇಕ್ ಮೈ ಸೋಲ್'ನಲ್ಲಿ ಇದೇ ಛಾಯೆ ತಂದಾಗ ಜಾರ್ಜ್, ಮ್ಯಾಕ್‌ಫಾರ್ಲೇನ್ ಹೆಸರನ್ನು ಬರೆದವರ ಪಟ್ಟಿಯಲ್ಲಿ ಸೇರಿಸಿದರು. ಆ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇ ಹೋಯಿತು. ಅಷ್ಟು ದೊಡ್ಡವರೇ ಹೆಸರು ಹಾಕುವಾಗ ನಾನು ಸದ್ದಿಲ್ಲದೆ ಎತ್ತಿಕೊಂಡರೆ ಚೆನ್ನಾಗಿರಲ್ಲ, ಅಲ್ವಾ?

ಹಾಗಾಗಿ ನಕಲು ಮುಚ್ಚಿಟ್ಟು ನನ್ನ 46 ಸಾಲಿನ ಟ್ರ್ಯಾಕ್ ತೆರೆದೆ. ಎಲ್ಲವನ್ನೂ ಮ್ಯೂಟ್ ಮಾಡಿದೆ. ಕಿಕ್ ಒಂದನ್ನು ಬಿಟ್ಟೆ. ಹಾಡಿನ ದನಿ ಅದರಲ್ಲಿ ಇರಲೇ ಇಲ್ಲ, ಅದಕ್ಕೆ ಅತ್ತಿಗೆಯನ್ನೇ ಕೇಳಿದೆ. ಮೊದಲ ಸಲ ಬೈದರು. ಎರಡನೇ ಸಲ ಗಂಟಲು ಕಟ್ಟಿದೆ ಅಂದರು. ನಿಜವಾಗಿಯೂ ನೆಗಡಿ ಆಗಿತ್ತು. ರಾಬಿನ್ ಅವರ ಜ್ವರದ ಕತೆ ಹೇಳಿದೆ. 'ಅವಳು ಹಾಡಿದ್ಲು ಅಂತ ನಾನೂ ಹಾಡ್ಬೇಕಾ' ಅಂತ ಗೊಣಗುತ್ತಲೇ ಮೈಕ್ ಮುಂದೆ ನಿಂತರು. ಕಿಟಕಿಗೆ ರಗ್ಗು ಕಟ್ಟಿ, ಫ್ಯಾನ್ ಆರಿಸಿ, ಕುಕ್ಕರ್ ಇಳಿಸಿ ರೆಕಾರ್ಡ್ ಮಾಡಿದೆವು. ನಾಲ್ಕು ಸಾಲು, ಅವರದ್ದೇ ಮಾತು. ಒರಟಾದ ಗಂಟಲಿನ ಆ ಮೊದಲ ಟೇಕ್ ಚೆನ್ನಾಗಿ ಬಂತು. ನೆಗಡಿ ವಾಸಿಯಾದ ಮೇಲೆ ಮತ್ತೆ ಹಾಡಿಸಿದೆ. ತುಂಬ ಶುದ್ಧವಾಗಿತ್ತು, ಇಟ್ಟುಕೊಳ್ಳಲಿಲ್ಲ.

ಬೇಸ್ ಹೊಸದಾಗಿ ಬರೆದೆ, ನನ್ನದೇ ಸ್ವರಗಳಲ್ಲಿ. ಒಂದೇ ಸಾಲು, ಒಂದೇ ಪ್ರೀಸೆಟ್, ಗಿಡ್ಡ ಸ್ವರಗಳು. ಮ್ಯೂಟ್ ಮಾಡಿದ್ದನ್ನು ಒಂದೊಂದಾಗಿ ಮತ್ತೆ ಸೇರಿಸಿ ಕೇಳಿದೆ. ಅದಿಲ್ಲದಿದ್ದರೆ ಏನಾದರೂ ಕಳೆದುಹೋದಂತೆ ಅನ್ನಿಸಿದರೆ ಮಾತ್ರ ಒಳಗೆ. ತಂತಿವಾದ್ಯದ ಪದರ ಒಂದಕ್ಕೆ ಹದಿನೈದು ದಿನ ಸುರಿದಿದ್ದೆ. ಅದನ್ನು ಅಳಿಸುವಾಗ ಹೊಟ್ಟೆ ಉರಿಯಿತು. ಕೊನೆಗೆ ಉಳಿದಿದ್ದು ಏಳು ಸಾಲು.

ಮುಂದಿನ ತಿಂಗಳು ನೆಂಟರ ಮನೆಯ ನಿಶ್ಚಿತಾರ್ಥದಲ್ಲಿ ಹಾಕಿದೆ. ಎಲ್ಲರೂ ಎದ್ದು ಕುಣಿದರು ಅಂತ ಬರೆದರೆ ಸುಳ್ಳಾಗುತ್ತದೆ. ಹತ್ತು ಹನ್ನೆರಡು ಜನ ಬಂದರು, ಹಾಡು ಮುಗಿಯುವವರೆಗೂ ಇದ್ದರು. ಊಟದ ಹೊತ್ತಿನಲ್ಲಿ ಅಷ್ಟು ಸಾಕು.

ರಾತ್ರಿ ಹನ್ನೊಂದಕ್ಕೆ ವೈರ್ ಸುತ್ತುತ್ತಿದ್ದೆ. ಶಾಮಿಯಾನದ ಹುಡುಗರು ಕುರ್ಚಿಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದರು. ಅದರಲ್ಲೊಬ್ಬ ಸಿಳ್ಳೆ ಹಾಕುತ್ತಿದ್ದ. ನನ್ನ ಬೇಸ್! ಸ್ವರ ಅಲ್ಲಲ್ಲಿ ತಪ್ಪಿತ್ತು, ಆದರೆ ಸಂದಿಯಲ್ಲಿ ಬೀಳುವುದು ಸರಿಯಾಗಿ ಬೀಳುತ್ತಿತ್ತು. ಅಲ್ಲಿಂದಲೇ ಅತ್ತಿಗೆಗೆ ಫೋನ್ ಮಾಡಿ ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದರು.

'ಅದ್ಸರಿ, ನಾನು ಹಾಡಿದ್ದನ್ನ ಯಾರೂ ಗುನುಗ್ಲಿಲ್ವೇನೋ?'